ಪಾಠ ಅಳೆಯುವ ಕೆಲಸವೂ ಸುಧಾರಿಸುವ ಕೆಲಸವೂ ಒಬ್ಬರಿಗೇ ಬೇಡ

ಭೌತಶಾಸ್ತ್ರದಲ್ಲಿ ಪಿಎಚ್‌ಡಿ ಆಗಿದೆ, ಕಾಲೇಜು ಪಾಠವನ್ನು ಅಳೆದು ಸುಧಾರಿಸುವ ಕೆಲಸಕ್ಕೆ ಹೋಗಬೇಕು, ಅದಕ್ಕೆ ಸ್ಟ್ಯಾಟಿಸ್ಟಿಕ್ಸ್ ಕಲಿಯಲಾ, ಶಿಕ್ಷಣಶಾಸ್ತ್ರದಲ್ಲಿ ಇನ್ನೊಂದು ಡಿಗ್ರಿ ಮಾಡಲಾ ಅಂತ ಕೇಳಿದ್ದೀರಿ. ನಾನು ಸ್ಟ್ಯಾಟಿಸ್ಟಿಕ್ಸ್ ಕಲಿತೇ ಹೋದೆ. ನಾನು ಮುಗ್ಗರಿಸಿದ ಕಡೆ ಅದು ಉಪಯೋಗಕ್ಕೆ ಬರಲಿಲ್ಲ.

ಬೋಧನಾ ಕೇಂದ್ರದಲ್ಲಿ, ಅಂದರೆ ಅಧ್ಯಾಪಕರ ಪಾಠ ಸುಧಾರಿಸಲು ನೆರವಾಗುವ ಕಾಲೇಜಿನ ವಿಭಾಗದಲ್ಲಿ, ನನಗೆ ಎರಡು ಕೆಲಸ ಇದ್ದವು. ಸೆಮಿಸ್ಟರ್ ಕೊನೆಗೆ ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕೊಡುವ ಫೀಡ್‌ಬ್ಯಾಕ್ ಅಂಕಗಳ ವರದಿ ಮಾಡುವುದು ಒಂದು. ಅಧ್ಯಾಪಕರು ತಾವಾಗಿ ಕರೆದಾಗ ಸೆಮಿಸ್ಟರ್ ನಡುವೆ ಅವರ ತರಗತಿಗೆ ಹೋಗುವುದು ಇನ್ನೊಂದು. ಅವರು ಹೊರಗೆ ಹೋಗುತ್ತಿದ್ದರು, ನಾನು ವಿದ್ಯಾರ್ಥಿಗಳ ಹತ್ತಿರ ಮಾತಾಡುತ್ತಿದ್ದೆ. ಏನು ಅರ್ಥವಾಗುತ್ತಿದೆ, ಎಲ್ಲಿ ಸಿಕ್ಕಿಕೊಂಡಿದ್ದೀರಿ, ಏನು ಬದಲಾಗಬೇಕು?

ಒಬ್ಬ ಅಧ್ಯಾಪಕಿ ಹಾಗೆ ಕರೆದರು. ದೂರುಗಳು ಬಹಳ ಬಂದವು. ಅವರು ಬೇಜಾರಾಗದೆ ಪಾಠದ ರೀತಿಯನ್ನೇ ಬದಲಿಸಿದರು. ಬರೀ ಉಪನ್ಯಾಸ ಬಿಟ್ಟು ಗುಂಪುಗಳಲ್ಲಿ ಲೆಕ್ಕ ಬಿಡಿಸಲು ಕೊಟ್ಟರು. ಅಷ್ಟರಲ್ಲಿ ಅವರ ಬಡ್ತಿಯ ವಿಷಯ ಬಂತು. 'ನೀವು ಅವರ ಕ್ಲಾಸ್ ನೋಡಿದ್ದೀರಲ್ಲ, ಎರಡು ಸಾಲು ಬರೆದುಕೊಡಿ' ಎಂದರು ಮುಖ್ಯಸ್ಥರು. ಸಹಾಯ ಆಗುತ್ತದೆ ಅಂದುಕೊಂಡು ಬರೆದೆ: ಮೊದಲು ತೊಂದರೆ ಇತ್ತು, ಈಗ ಬೇಗ ಸುಧಾರಿಸುತ್ತಿದ್ದಾರೆ. ಸಮಿತಿಯ ಕಣ್ಣಿಗೆ ಬಿದ್ದಿದ್ದು ಮೊದಲರ್ಧ ಮಾತ್ರ.

ವಾಕ್ಯ ಸರಿ ಇರಲಿಲ್ಲ ಅಂದುಕೊಳ್ಳಬೇಡಿ. ಬರೆಯಲೇಬಾರದಿತ್ತು. ಹೊಗಳಿ ಬರೆದಿದ್ದರೂ ತಪ್ಪೇ. ಇವರಿಗೆ ಹೊಗಳಿಕೆ ಕೊಟ್ಟರೆ, ನಾಳೆ ಇನ್ನೊಬ್ಬರ ಬಗ್ಗೆ ಸುಮ್ನೆ ಇದ್ದಾಗ ಆ ಮೌನವೇ ದೂರು ಆಗುತ್ತದೆ, ಅಲ್ವಾ? ಮೇಲಾಗಿ ಆ ಮಾತುಕತೆ ಇದ್ದದ್ದೇ ಕೊರತೆ ಹುಡುಕಲು. ಕೊರತೆ ಕೇಳಿದರೆ ಕೊರತೆಯೇ ಸಿಗುತ್ತದೆ. ಅದನ್ನು ತೀರ್ಪಿನ ಕಡತಕ್ಕೆ ಹಾಕುವುದು ಡಾಕ್ಟರ ಹತ್ತಿರ ಹೇಳಿಕೊಂಡದ್ದನ್ನು ಪೊಲೀಸರಿಗೆ ಕೊಟ್ಟ ಹಾಗೆ. ಸುದ್ದಿ ಹರಡಿತು. ಆಮೇಲೆ ನನ್ನನ್ನು ತರಗತಿಗೆ ಕರೆಯುವವರೇ ಇಲ್ಲವಾದರು. ಕರೆಯುವವರಿಲ್ಲದ ಹುದ್ದೆ ಎಷ್ಟು ದಿನ ಉಳಿದೀತು?

ಫೀಡ್‌ಬ್ಯಾಕ್ ಅಂಕಗಳಾದರೂ ಆ ಅಧ್ಯಾಪಕಿಯನ್ನು ಕಾಪಾಡಬಹುದಿತ್ತಾ? ಇಲ್ಲ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ತಾವೇ ಲೆಕ್ಕ ಬಿಡಿಸುತ್ತಾ ಕಲಿತವರು ಪರೀಕ್ಷೆಯಲ್ಲಿ ಮುಂದಿದ್ದರು, ಆದರೆ ಕಡಿಮೆ ಕಲಿತೆವು ಅಂತ ಅವರಿಗೆ ಅನಿಸಿತ್ತು. ಚೆನ್ನಾದ ಉಪನ್ಯಾಸ ಕೇಳಿದವರಿಗೆ ಇದರ ಉಲ್ಟಾ. ಅಂದರೆ ಪಾಠ ಸುಧಾರಿಸುವಾಗಲೇ ಫೀಡ್‌ಬ್ಯಾಕ್ ಅಂಕ ಇಳಿಯಬಹುದು. ಹಳೆಯ ಅಧ್ಯಯನಗಳನ್ನು ಮತ್ತೆ ಒಟ್ಟುಗೂಡಿಸಿ ನೋಡಿದ 2017ರ ಒಂದು ವಿಶ್ಲೇಷಣೆಯಂತೂ, ವಿದ್ಯಾರ್ಥಿಗಳು ಕೊಡುವ ಅಂಕಕ್ಕೂ ಅವರ ಕಲಿಕೆಗೂ ಹೇಳಿಕೊಳ್ಳುವಂಥ ಸಂಬಂಧವೇ ಇಲ್ಲ ಎಂದಿತು. ಇದನ್ನು ಒಪ್ಪದವರೂ ಇದ್ದಾರೆ. ನಾನು ಒಪ್ಪುವವನು.

ಅದಕ್ಕೇ ನಿಮ್ಮ ಪ್ರಶ್ನೆಯಲ್ಲಿರುವ 'ಅಳೆದು ಸುಧಾರಿಸುವ' ಎಂಬ ಜೋಡಿ ನನಗೆ ಒಪ್ಪಿಗೆಯಿಲ್ಲ. ಒಂದನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಸುಧಾರಿಸುವ ಕಡೆ ಹೋಗಿ. ಅದಕ್ಕೂ ಮೊದಲು ಕೆಲವು ವರ್ಷ ಪಾಠ ಮಾಡಿ. ಬೆವರು ಸುರಿಸಿ ಪಾಠ ಮಾಡದವರ ಸಲಹೆ ಯಾರೂ ಕೇಳುವುದಿಲ್ಲ, ಕೇಳಬಾರದು ಕೂಡ. ನಿಮ್ಮ ವಿಷಯದಲ್ಲಿ ಒಂದು ಅನುಕೂಲ ಇದೆ: 1992ರಿಂದ 'ಫೋರ್ಸ್ ಕಾನ್ಸೆಪ್ಟ್ ಇನ್ವೆಂಟರಿ' ಎಂಬ ಪರೀಕ್ಷೆ ಇದೆ. ನ್ಯೂಟನ್ ನಿಯಮಗಳು ನಿಜಕ್ಕೂ ತಲೆಗೆ ಹೋಗಿವೆಯಾ ಅಂತ ನೋಡುತ್ತದೆ. ನಿಮ್ಮದೇ ತರಗತಿಗೆ ಸೆಮಿಸ್ಟರ್‌ನ ಮೊದಲು ಮತ್ತು ಕೊನೆಗೆ ಕೊಡಿ. ಫಲಿತಾಂಶ ನೋಡಿ ಜಂಬ ಇಳಿಯುತ್ತದೆ, ನನ್ನದು ಇಳಿದಿತ್ತು.

ಡಿಗ್ರಿ ಬೇಕಾ ಬೇಡವಾ ಅನ್ನುವುದು ಆಮೇಲಿನ ಮಾತು. ಸಂದರ್ಶನಕ್ಕೆ ಹೋದಾಗ ನೀವೇ ಒಂದು ಪ್ರಶ್ನೆ ಕೇಳಿ: ನಾನು ತರಗತಿಯಲ್ಲಿ ಬರೆದುಕೊಂಡದ್ದನ್ನು ಯಾರು ಯಾರು ಓದಬಹುದು? ಆ ಅಧ್ಯಾಪಕರ ಹೆಸರು ಬಿಟ್ಟು ಬೇರೆ ಯಾರ ಹೆಸರು ಬಂದರೂ ಆ ಕೆಲಸ ಬೇಡ ಎನ್ನಿ.