ಬೀಜದ ಹತ್ತಿ ಮತ್ತು ನಮ್ಮ ಹೆಣ್ಣುಮಕ್ಕಳು

ಮುಂಗಾರಿನ ನಂತರ ರಾಯಚೂರು ಗಡಿಯ ಹಳ್ಳಿಗಳ ಶಾಲೆಗಳಲ್ಲಿ ಆರು, ಏಳನೇ ತರಗತಿಯ ಹುಡುಗಿಯರು ಏಕೆ ಕಡಿಮೆಯಾಗುತ್ತಾರೆ ಎಂದು ಕೇಳಿದ್ದೀರಿ. ಬಡತನವೆಂಬ ಉತ್ತರ ಸುಳ್ಳಲ್ಲ. ಆದರೆ ಅದೇ ಬಡ ಮನೆಯ ಗಂಡುಹುಡುಗ ಶಾಲೆಯಲ್ಲೇ ಇರುತ್ತಾನೆ. ಕಾರಣ ತಿಳಿಯಬೇಕೆಂದರೆ ಇಲ್ಲಿಯೂ ಗಡಿಯಾಚೆ ತೆಲಂಗಾಣದ ಗದ್ವಾಲ ಸೀಮೆಯಲ್ಲಿಯೂ ಬೆಳೆಯುವ ಬೀಜದ ಹತ್ತಿಯ ಹೊಲಕ್ಕೆ ಬರಬೇಕು.

ಹೈಬ್ರಿಡ್, ಅಂದರೆ ಎರಡು ತಳಿಗಳನ್ನು ಕೂಡಿಸಿದ ಬೀಜಕ್ಕಾಗಿ ಪ್ರತಿ ಹೂವಿಗೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಮರುದಿನ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಎಸಳನ್ನೂ ಕೇಸರವನ್ನೂ ಸುಲಿದು, ಒಳಗಿನ ಶಲಾಕೆಗೆ (ಹೂವಿನ ಹೆಣ್ಣು ಭಾಗಕ್ಕೆ) ಪೆಟ್ಟಾಗದಂತೆ ಬಿಟ್ಟು ಗುರುತು ಹಾಕುತ್ತಾರೆ. ಬೆಳಿಗ್ಗೆ ಗಂಡು ಸಾಲಿನ ಹೂವನ್ನು ತಂದು ಅದಕ್ಕೆ ಸವರುತ್ತಾರೆ. ಈ ‘ಕ್ರಾಸಿಂಗ್’ ಎರಡು ಮೂರು ತಿಂಗಳು ಎಡೆಬಿಡದೆ ನಡೆಯುತ್ತದೆ. ಧಾರವಾಡದಲ್ಲಿ ಹತ್ತಿ ವಿಜ್ಞಾನಿ ಬಿ. ಎಚ್. ಕಟರಕಿಯವರು 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ತಳಿಯನ್ನು ಕೊಟ್ಟ ಮೇಲೆ ಹೈಬ್ರಿಡ್ ಹತ್ತಿಗೆ ಬಂದ ಹೆಸರು ಎಲ್ಲರಿಗೂ ಗೊತ್ತು. ಬೀಜ ತಯಾರಿಸುವ ಕೈಗಳು ಯಾರವೆಂದು ಬಹುಕಾಲ ಯಾರೂ ಕೇಳಲಿಲ್ಲ.

ಹುಡುಗಿಯರ ಬೆರಳು ಸಣ್ಣ, ಗಿಡದ ಎತ್ತರಕ್ಕೆ ಹೊಂದುತ್ತಾರೆ ಎಂದು ಹೊಲದವರು ಹೇಳುತ್ತಾರೆ. ಇದು ನೆಪ, ದೊಡ್ಡ ಹೆಂಗಸರೂ ಇದೇ ಕೆಲಸವನ್ನು ಮಾಡುತ್ತಾರೆ. ಬೀಜದ ದರವನ್ನು ಅದನ್ನು ಕೊಳ್ಳುವ ಕಂಪನಿ ಮೊದಲೇ ಗೊತ್ತುಮಾಡಿರುವುದರಿಂದ ರೈತನಿಗೆ ಹಿಡಿತ ಮಾಡಲು ಸಿಗುವುದು ಕೂಲಿ ಮಾತ್ರ, ಮತ್ತು ಹುಡುಗಿ ಕಡಿಮೆ ಕೂಲಿಗೆ ಎದುರಾಡದೆ ದುಡಿಯುತ್ತಾಳೆ. ಇದರ ಮೇಲೆ ಮುಂಗಡವೊಂದು. ಕೈಯಲ್ಲಿ ಕಾಸಿಲ್ಲದ ಬೇಸಿಗೆಯಲ್ಲಿ ತಂದೆ ಅದನ್ನು ಪಡೆದಿರುತ್ತಾನೆ. ಶಾಲೆ ತೆರೆಯುವ ಹೊತ್ತಿಗೆ ಮಗಳ ದುಡಿಮೆ ಆಗಲೇ ಖರ್ಚಾಗಿರುತ್ತದೆ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14 ವರ್ಷದೊಳಗಿನವರನ್ನು ಯಾವ ಕೂಲಿ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಮುಗಿದ ಮೇಲೆ ಮನೆಯವರ ಹೊಲದಲ್ಲಿ ನೆರವಾಗುವುದಕ್ಕೆ ವಿನಾಯಿತಿಯಿದೆ. ಹಾಗಾಗಿ ತಪಾಸಣೆಯ ಜೀಪು ಬಂದ ದಿನ ಹೊಲದಲ್ಲಿರುವ ಹುಡುಗಿಯರೆಲ್ಲ ಮಾಲೀಕನ ಅಣ್ಣತಮ್ಮಂದಿರ ಮಕ್ಕಳೇ! ಗಡಿ ದಾಟಿ ಹೋದವರ ಪಾಡು ಇನ್ನೂ ಕಷ್ಟ. ಇಲ್ಲಿನ ಕನ್ನಡ ಶಾಲೆಯ ಹಾಜರಿಯಲ್ಲಿ ಹೆಸರಿದ್ದು, ಅಲ್ಲಿನ ತೆಲುಗು ಶಾಲೆಗೆ ಸೇರದೆ, ಎರಡೂ ಕಡೆಯ ಅಧಿಕಾರಿಗಳ ಕಣ್ಣಿಗೆ ಅವರು ಬೀಳುವುದಿಲ್ಲ.

ಔಷಧಿ ಹೊಡೆದ ಹೊಲದಲ್ಲೇ ದಿನವಿಡೀ ನಿಲ್ಲುವುದರಿಂದ ತಲೆನೋವು, ವಾಕರಿಕೆ ಸಾಮಾನ್ಯ. ಹಂಗಾಮು ಮುಗಿಸಿ ತರಗತಿಗೆ ಮರಳಿದವಳಿಗೆ ಅಷ್ಟರಲ್ಲಿ ನಡೆದ ಪಾಠ ಹತ್ತುವುದಿಲ್ಲ, ನಾಚಿಕೆಯಿಂದ ಹಿಂದೆ ಕೂರುತ್ತಾಳೆ, ಮುಂದಿನ ವರ್ಷ ಬರುವುದಿಲ್ಲ. ದೊಡ್ಡವಳಾದ ಮೇಲೆ ಮದುವೆಯ ಮಾತು ಶುರುವಾಗುತ್ತದೆ. ಮಗಳು ಅಗ್ಗಕ್ಕೆ ಸಿಗುವ ಹೊಲದಲ್ಲಿ ತಾಯಿಯ ಕೂಲಿಯೂ ಏರುವುದಿಲ್ಲ ಎಂಬುದನ್ನು ಮನೆಯವರು ಲೆಕ್ಕಕ್ಕೆ ಹಿಡಿಯುವುದು ಕಡಿಮೆ.

ನಾನು ಕಂಡಂತೆ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಂಥ ವಸತಿ ಶಾಲೆಯಲ್ಲಿ ಸೀಟು ಸಿಕ್ಕ ಹುಡುಗಿಯರು ಈ ಕೆಲಸದಿಂದ ಹೊರಗುಳಿಯುತ್ತಾರೆ. ಆದರೆ ಆ ಸೀಟು ಮುಂಗಡದ ಮಾತುಕತೆಗಿಂತ ಮೊದಲೇ, ಬೇಸಿಗೆಯಲ್ಲೇ ಖಚಿತವಾಗಬೇಕು.