ಮಾಎಕಕೆ ಜಾರುವುದು, ಬಣ್ಣ ಬಿಡುವುದು

ನಿಮ್ಮ ಮಾಎಕಕೆ (ಜಪಾನಿನ ಅಂಗಡಿ ಕೆಲಸಗಾರರು ಸೊಂಟಕ್ಕೆ ಕಟ್ಟುತ್ತಿದ್ದ ದಪ್ಪ ಬಟ್ಟೆಯ ಏಪ್ರನ್) ಜಾರುತ್ತದೆ, ಪ್ಯಾಂಟಿಗೆ ನೀಲಿ ಹತ್ತಿಸುತ್ತದೆ ಎಂದು ಬರೆದಿದ್ದೀರಿ. ಬಗ್ಗಿದಾಗಲೆಲ್ಲ ಜಾರುತ್ತಿದ್ದರೆ ಬಹುಶಃ ನೀವು ಕಟ್ಟುತ್ತಿರುವ ಜಾಗವೇ ತಪ್ಪು. ಅಡುಗೆಮನೆಯ ಏಪ್ರನ್ ಥರ ಹೊಕ್ಕುಳ ಮಟ್ಟದಲ್ಲಿ ಸುತ್ತಿ ಹಿಂದೆ ಗಂಟು ಹಾಕಿದರೆ ಈ ದಪ್ಪ ಬಟ್ಟೆ ನಿಲ್ಲುವುದಿಲ್ಲ. ಜಪಾನಿನ ಸಾಕೆ (ಅಕ್ಕಿಯ ಮದ್ಯ), ಮಿಸೋ (ಹುದುಗಿಸಿದ ಸೋಯಾ ಪೇಸ್ಟ್), ಅಕ್ಕಿ ಅಂಗಡಿಗಳಲ್ಲಿ ಮೂಟೆ ಹೊರುವವರು ಇದನ್ನು ಸೊಂಟದ ಮೂಳೆಯ ಮೇಲೆ ಬಿಗಿದು ಕಟ್ಟುತ್ತಿದ್ದರು. ಬೆನ್ನಿಗೆ ಆಸರೆ ಸಿಗುವುದೇ ಅಲ್ಲಿಂದ.

ಮೇಲಂಚನ್ನು ಹೊಕ್ಕುಳಿಗಿಂತ ಮೂರ್ನಾಲ್ಕು ಬೆರಳು ಕೆಳಗಿಡಿ. ಎರಡೂ ದಾರಗಳನ್ನು ಹಿಂದೆ ಒಯ್ದು ಅಡ್ಡ ಹಾಯಿಸಿ, ಎಳೆದು ಮುಂದಕ್ಕೆ ತನ್ನಿ. ಉಸಿರು ಬಿಟ್ಟು ಹೊಟ್ಟೆ ಒಳಗೆಳೆದಾಗ ಮುಂದೆಯೇ ಗಂಟು ಹಾಕಿ. ಕೂತು ಎದ್ದು ನೋಡಿ. ಗಂಟು ಹೊಟ್ಟೆಗೆ ಒತ್ತಿದರೆ ಇನ್ನೂ ಕೆಳಗಿಳಿಸಬೇಕು.

ಪ್ಯಾಂಟಿಗೆ ನೀಲಿ ಹತ್ತುತ್ತಿರುವುದು ಹೆಚ್ಚುವರಿ ಬಣ್ಣ. ತಣ್ಣೀರಲ್ಲಿ ಬೇರೆಯಾಗಿ, ನೀರು ತಿಳಿಯಾಗುವವರೆಗೆ ಜಾಲಿಸಿ ನೆರಳಲ್ಲಿ ಒಣಗಿಸಿ. ಬಿಸಿನೀರು, ಬ್ಲೀಚ್ ಬೇಡ. ಬೆವರಿದಾಗ ಆಮೇಲೂ ಸ್ವಲ್ಪ ಹತ್ತಬಹುದು, ಹಾಗಾಗಿ ತಿಳಿಬಣ್ಣದ ಪ್ಯಾಂಟ್ ಸದ್ಯಕ್ಕೆ ಬೇಡ. ಕೆಳಗಿನ ಕುಚ್ಚು ಕತ್ತರಿಸಬೇಡಿ, ಅದು ಹಾಸಿನ (ಬಟ್ಟೆಯ ಉದ್ದಕ್ಕೆ ಹಾಯುವ) ನೂಲಿನ ತುದಿ. ಬುಡದವರೆಗೆ ಕತ್ತರಿಸಿದರೆ ಅಂಚು ಬಿಚ್ಚಿಕೊಳ್ಳುತ್ತದೆ.

ನಿಮ್ಮ ಮಾಎಕಕೆ ಹಳೆಯದೋ ಹೊಸದೋ ಎಂದೂ ಕೇಳಿದ್ದೀರಿ. ಅದರ ಮೇಲೆ ಅಂಗಡಿಯ ಹೆಸರು ಹಾಕಿಸುವ ರೂಢಿ ಮೇಜಿ ಕಾಲದಿಂದ (1868–1912) ಹಬ್ಬಿತು, ಆದ್ದರಿಂದ ಹೆಸರೊಂದೇ ಪುರಾವೆಯಲ್ಲ. ಐಚಿ ಪ್ರಾಂತ್ಯದ ತೊಯೊಹಾಶಿಯಲ್ಲಿ ಹಳೆಯ ಲಾಳಿ ಮಗ್ಗಗಳಲ್ಲೇ ಈಗ ಮತ್ತೆ ನೇಯುತ್ತಿದ್ದಾರೆ, ನೇಯ್ಗೆ ನೋಡಿಯೂ ಹೇಳುವುದು ಕಷ್ಟ. ಮಡಿಕೆಗಳಲ್ಲಿ ಸವೆತ, ದಾರ ಹೊಲಿದ ಜಾಗದ ದುರಸ್ತಿ, ಇವುಗಳ ಫೋಟೋ ಹಾಕಿ.