ಪಪ್ಪಾಯಿ ಹಾಲಿಗೆ ಕಬ್ಬಿಣ ತಾಗಿಸಬೇಡಿ

ಅಣ್ಣಾ, ನೀವು ಕುಡಗೋಲಿನಿಂದ ಪಪ್ಪಾಯಿ ಕಾಯಿ ಗೀರಿ, ತಗಡಿನ ಡಬ್ಬಿಯಲ್ಲಿ ಹಾಲು ಹಿಡಿದು, ಮಾಳಿಗೆ ಮೇಲೆ ಬಿಸಿಲಿಗೆ ಹರವಿದ ಫೋಟೋ ನೋಡಿದೆ. ದಯವಿಟ್ಟು ಇವತ್ತೇ ನಿಲ್ಲಿಸಿ. ರಾಣೆಬೆನ್ನೂರು ಕಡೆ ನಮ್ಮ ಮೊದಲ ಮಾಲು ಹೀಗೇ ಕಂದು ಬಣ್ಣಕ್ಕೆ ತಿರುಗಿ ವಾಪಸ್ ಬಂದಿತ್ತು.

ಖರೀದಿ ಮಾಡುವವರು ದುಡ್ಡು ಕೊಡುವುದು ಹಾಲು ಒಣಗಿಸಿದ ಪುಡಿಗಲ್ಲ, ಅದರೊಳಗಿನ ಪಪೇನ್ ಕಿಣ್ವದ ಕಸುವಿಗೆ. ಮಟನ್‌ಗೆ ಹಸಿ ಪಪ್ಪಾಯಿ ಹಚ್ಚಿದರೆ ಮೆತ್ತಗಾಗುತ್ತದಲ್ವಾ, ಅದೇ ಕಿಣ್ವ. ಪ್ರೋಟೀನ್ ಅಷ್ಟೇ ಅಲ್ಲ, ಅಮೈನೋ ಆಮ್ಲದ ಎಸ್ಟರ್‌ಗಳನ್ನೂ (ಆಮ್ಲಕ್ಕೆ ಆಲ್ಕೋಹಾಲ್ ಕೂಡಿ ಆದ ವಸ್ತು) ಒಡೆಯುತ್ತದೆ. ಲ್ಯಾಬಿನಲ್ಲಿ ಆರ್ಜಿನಿನ್ ಅನ್ನುವ ಅಮೈನೋ ಆಮ್ಲದಿಂದ ಮಾಡಿದ ಎಸ್ಟರ್‌ಗೆ ನಿಮ್ಮ ಪುಡಿ ಹಾಕುತ್ತಾರೆ. ಎಸ್ಟರ್ ಒಡೆದ ಹಾಗೆ ಆಮ್ಲ ಹುಟ್ಟುತ್ತದೆ. ಅದಕ್ಕೆ ಎಷ್ಟು ಕ್ಷಾರ ಹಿಡಿಯಿತು ಅಂತ ಅಳೆದರೆ ಕಸುವು ಗೊತ್ತಾಯಿತು. ಕೆಲವು ಕಡೆ ಹಸುವಿನ ಹಾಲಿನ ಪ್ರೋಟೀನ್ ಆದ ಕೇಸೀನ್ ಮೇಲೆ ಪರೀಕ್ಷೆ ಮಾಡುತ್ತಾರೆ. ಎರಡರ ಅಂಕಿ ಹೋಲಿಸಿ ಜಗಳ ಮಾಡಬೇಡಿ, ಯಾವ ಪರೀಕ್ಷೆ ಅಂತ ಮೊದಲೇ ಕೇಳಿ.

ಒಡೆಯುವ ಕೆಲಸ ಮಾಡುವುದು ಕಿಣ್ವದೊಳಗಿನ ಸಿಸ್ಟೀನ್ ಅನ್ನುವ ಅಮೈನೋ ಆಮ್ಲದಲ್ಲಿರುವ ಗಂಧಕ. ಕಬ್ಬಿಣ, ತಾಮ್ರ ತಾಗಿದರೆ, ಗಾಳಿಗೆ ಜಾಸ್ತಿ ಹೊತ್ತು ಬಿಟ್ಟರೆ ಅದು ಕೆಡುತ್ತದೆ. ಆಮೇಲೆ ತೂಕ ಇರುತ್ತದೆ, ಕಸುವು ಇರುವುದಿಲ್ಲ. ತುಕ್ಕು ಹಿಡಿದ ಡಬ್ಬಿಯಲ್ಲಿ ಹಾಲು ಹಿಡಿಯುವುದು ಅಂದರೆ ಸುಮ್ನೆ ಕಾಯಿ ಹಾಳು ಮಾಡಿದಂತೆ.

ಸ್ಟೇನ್‌ಲೆಸ್ ಬ್ಲೇಡನ್ನು ಬಿದಿರು ಕಡ್ಡಿಗೆ ಕಟ್ಟಿ. ದುಬಾರಿದು ಬೇಡ, ಟೋಪಾಜ್ ಸಾಕು. 75ರಿಂದ 90 ದಿನದ ಹಸಿರು ಕಾಯಿ ಆರಿಸಿ, ಮುಂಜಾನೆ 10ರೊಳಗೆ ಮುಗಿಸಿ. ತೊಟ್ಟಿನಿಂದ ತುದಿವರೆಗೆ 4 ಗೀರು, ಆಳ 3 ಮಿಲಿಮೀಟರ್ ದಾಟಬಾರದು. ಮತ್ತೆ ಮೂರ್ನಾಲ್ಕು ದಿನ ಬಿಟ್ಟು, ಮೊದಲು ಗೀರದೇ ಇದ್ದ ಜಾಗದಲ್ಲಿ ಗೀರಿ. ಹಾಲು ಹಿಡಿಯಲು ಗಾಜು ಅಥವಾ ಅಲ್ಯೂಮಿನಿಯಂ ತಟ್ಟೆ. ಕಿಲೋ ಹಾಲಿಗೆ ಕೆಡದಂತೆ ಕಾಯುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಅರ್ಧ ಗ್ರಾಂ ಬೆರೆಸಿ, ಅವತ್ತೇ ಡ್ರೈಯರ್‌ನಲ್ಲಿ 50–55 ಡಿಗ್ರಿಯಲ್ಲಿ ಒಣಗಿಸಿ. ಡ್ರೈಯರ್ ಇಲ್ಲದಿದ್ದರೆ ಈ ಕೆಲಸಕ್ಕೇ ಇಳಿಯಬೇಡಿ ಅನ್ನುತ್ತೇನೆ. ಒಣಗಿದ್ದನ್ನು ಗಾಳಿ ಆಡದಂತೆ ಪ್ಯಾಕ್ ಮಾಡಿ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಸುಡುತ್ತದೆ. ಕಣ್ಣಿಗಂತೂ ಸಿಡಿಯಲೇಬಾರದು. ಆಳುಗಳಿಗೂ ಗ್ಲೌಸ್, ಕನ್ನಡಕ ಕೊಡಿ.

ತಳಿ ವಿಷಯಕ್ಕೆ ಬಂದರೆ, ರೆಡ್ ಲೇಡಿ ಹಣ್ಣಿಗೆ ಚೆನ್ನ. ಹಾಲಿಗೆ ಕೊಯಮತ್ತೂರಿನ ಸಿಓ-2, ಸಿಓ-5 ನೋಡಿ. ಗೀರಿದ ಕಾಯಿ ಹಣ್ಣಿನ ಪೇಟೆಯಲ್ಲಿ ಹೋಗುವುದಿಲ್ಲ, ಟೂಟಿ ಫ್ರೂಟಿ ಮಾಡುವವರಿಗೇ ಕೊಡಬೇಕು. ಅವರನ್ನೂ, ಪುಡಿ ಕೊಳ್ಳುವವರನ್ನೂ ಗೊತ್ತು ಮಾಡಿಕೊಂಡೇ ಬ್ಲೇಡ್ ಹಿಡಿಯಿರಿ. ಇನ್ನೊಂದು, ಫೋಟೋದಲ್ಲಿ ಸಾಲಿನ ಮಧ್ಯೆ ಸೌತೆ ಬಳ್ಳಿ ಕಂಡಿತು. ಪಪ್ಪಾಯಿಗೆ ರೋಗ ತರುವ ರಿಂಗ್‌ಸ್ಪಾಟ್ ವೈರಸ್ ಸೌತೆ ಜಾತಿಗೂ ಬರುತ್ತದೆ, ಗಿಡಹೇನು ಅದನ್ನು ಪಪ್ಪಾಯಿಗೆ ದಾಟಿಸುತ್ತದೆ. ಬಳ್ಳಿ ಕಿತ್ತುಬಿಡಿ.